ಬಾಹ್ಯಾಕಾಶದ ಸಿನಿಮಾ ನಮ್ಮೂರಿಗೆ ಕನ್ನಡದಲ್ಲೇ ಬರಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳ ನಡುವೆ ಹಿರಿಯರೊಬ್ಬರ ಪತ್ರ ಓದಿದೆ. ರಜೆ ಬಂತೆಂದರೆ ಮಕ್ಕಳು ಗಗನನೌಕೆ, ಅನ್ಯಗ್ರಹದ ಜೀವಿ, ನಕ್ಷತ್ರಗಳ ನಡುವಿನ ಯುದ್ಧ ಎಂದು ಪರದೇಶದ ಸಿನಿಮಾಗಳ ಮುಂದೆ ಕೂತುಬಿಡುತ್ತಾರೆ, ಇದರಿಂದ ವಿಜ್ಞಾನ ತಲೆಗೆ ಹತ್ತುವುದಿಲ್ಲ, ಇದ್ದ ಸಂಸ್ಕೃತಿಯೂ ಕೈಬಿಡುತ್ತದೆ ಎಂದು ಅವರು ನೊಂದು ಬರೆದಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಕಾರಣ ಬೇರೆಲ್ಲೋ ಇದೆ ಎಂದು ನನಗನ್ನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಅದರಲ್ಲಿ ಹೆಚ್ಚು ವರ್ಷ ಕಳೆದದ್ದು ಆಲೂರು ತಾಲ್ಲೂಕಿನಲ್ಲಿ. ಅಲ್ಲಿ ಒಂದು ದಿನ ಒಂಬತ್ತನೇ ತರಗತಿಗೆ ಶಬ್ದದ ಪಾಠ ನಡೆದಿತ್ತು. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಇಟ್ಟು ಗಾಳಿಯನ್ನು ಹೊರಗೆಳೆಯುತ್ತ ಹೋದರೆ, ಗಂಟೆ ಬಡಿಯುವುದು ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಸದ್ದು ಮಾತ್ರ ಸಣ್ಣದಾಗುತ್ತ ಅಡಗಿಹೋಗುತ್ತದೆ ಎಂಬ ಪ್ರಯೋಗ. ನಮ್ಮ ಶಾಲೆಯ ನಿರ್ವಾತ ಪಂಪು ಕೆಟ್ಟು ಎಷ್ಟೋ ವರ್ಷವಾಗಿತ್ತು. ಬೋರ್ಡಿನ ಮೇಲೆ ಚಿತ್ರ ಬರೆದು, ಚಂದ್ರನ ಮೇಲೆ ಗಾಳಿಯಿಲ್ಲ, ಅಲ್ಲಿ ಬಾಂಬು ಸಿಡಿದರೂ ಕಿವಿಗೆ ಕೇಳಿಸುವುದಿಲ್ಲ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಮಿಸ್, ಹಂಗಾದ್ರೆ ಪಿಕ್ಚರಲ್ಲಿ ರಾಕೆಟ್ ಸಿಡಿದಾಗ ಢಂ ಅನ್ನುತ್ತಲ್ಲ, ಅದು ಸುಳ್ಳಾ?’

ಮೂರು ದಶಕದಲ್ಲಿ ಶಬ್ದದ ಪಾಠಕ್ಕೆ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಪಠ್ಯಪುಸ್ತಕವೂ ನನಗೆ ಕೊಟ್ಟಿರಲಿಲ್ಲ. ಕೇಬಲ್‌ನಲ್ಲಿ ಯಾವುದೋ ಬಾಹ್ಯಾಕಾಶ ಯುದ್ಧದ ಸಿನಿಮಾ ನೋಡಿ ಬಂದಿದ್ದನಂತೆ. ಕೈ ಎತ್ತಿಸಿ ಕೇಳಿದೆ, ತರಗತಿಯ ಮುಕ್ಕಾಲು ಪಾಲು ಮಕ್ಕಳು ಅಂಥದ್ದೊಂದನ್ನು ನೋಡಿದ್ದರು. ಅಷ್ಟರಲ್ಲಿ ಕಿಟಕಿ ಪಕ್ಕದ ಹುಡುಗಿ ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದಳು. ‘ಮಿಸ್, ಆಕಾಶದಲ್ಲಿರೋರೆಲ್ಲ ಹಿಂದಿನೇ ಮಾತಾಡೋದಾ?’

ತರಗತಿಯಲ್ಲಿ ಯಾರೂ ನಗಲಿಲ್ಲ. ಅವರೆಲ್ಲರೂ ನೋಡಿದ್ದು ಹಿಂದಿಯಲ್ಲೇ. ಗಡಿಯ ಕಡೆಯ ಶಾಲೆಯಾಗಿದ್ದರೆ ತೆಲುಗೋ ತಮಿಳೋ ಎನ್ನುತ್ತಿದ್ದರು. ಆ ಹುಡುಗಿಗೆ ಹಿಂದಿ ಬರುತ್ತಿರಲಿಲ್ಲ, ಮೂರನೇ ಭಾಷೆಯ ಪರೀಕ್ಷೆಯಲ್ಲಿ ಒದ್ದಾಡುತ್ತಿದ್ದಳು. ಆಕಾಶವೆಂಬುದು ತನಗೆ ಬಾರದ ಮಾತಾಡುವವರ ಜಾಗ ಎಂದು ಅವಳು ಯಾರೂ ಹೇಳದೆಯೇ ಕಲಿತುಕೊಂಡಿದ್ದಳು. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಲ್ಲಿನ ಬಿಳಿಯ ದೊಡ್ಡ ತಟ್ಟೆಗಳು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಜೊತೆ ಹಗಲೂ ರಾತ್ರಿ ಮಾತಾಡುತ್ತವೆ. ಅದೇ ಜಿಲ್ಲೆಯ ಹುಡುಗಿ ಕೇಳಿದ ಪ್ರಶ್ನೆ ಇದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೂ ಗೊತ್ತಿಲ್ಲದ ಸಂಗತಿಗಳು ಸಿಕ್ಕವು. 1977ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಸದ್ದುಗಳನ್ನು ಕೂಡಿಸಿದವರು ಬೆನ್ ಬರ್ಟ್. ಶತ್ರುಪಡೆಯ ಪುಟ್ಟ ನೌಕೆಗಳು ಕಿರುಚುತ್ತ ಹಾರಿಹೋಗುತ್ತವಲ್ಲ, ಆ ಕಿರುಚನ್ನು ಅವರು ಆನೆಯ ಘೀಳನ್ನೂ ಒದ್ದೆ ರಸ್ತೆಯಲ್ಲಿ ಕಾರು ಹಾದುಹೋಗುವ ಸದ್ದನ್ನೂ ಬೆರೆಸಿ ಮಾಡಿದರು. ಲೇಸರ್ ಬಂದೂಕಿನ ‘ಪ್ಯೂಂ’ ಎಂಬ ಸದ್ದು, ರೇಡಿಯೊ ಗೋಪುರವನ್ನು ಬಿಗಿದು ಕಟ್ಟಿದ ತಂತಿಗೆ ಸುತ್ತಿಗೆಯಿಂದ ಬಡಿದದ್ದು. ಮರುವಾರ ಮಕ್ಕಳನ್ನು ಕಂಪ್ಯೂಟರ್ ಕೊಠಡಿಗೆ ಕರೆದುಕೊಂಡು ಹೋಗಿ ಆ ನೌಕೆಯ ಸದ್ದು ಕೇಳಿಸಿದೆ. ಇದರಲ್ಲಿ ಒಂದು ಪ್ರಾಣಿ ಇದೆ, ಯಾವುದು ಹೇಳಿ ಎಂದೆ. ಆಲೂರು, ಸಕಲೇಶಪುರದ ಕಡೆ ಆನೆ ಎಂದರೆ ಚಿತ್ರಪಟದ ಆನೆಯಲ್ಲ. ರಾತ್ರಿ ಕಾಫಿ ತೋಟಕ್ಕೆ, ಗದ್ದೆಗೆ ಇಳಿಯುತ್ತದೆ, ಬೆಳೆ ತುಳಿಯುತ್ತದೆ, ಜೀವವನ್ನೂ ತೆಗೆಯುತ್ತದೆ. ತೋಟದ ಕೂಲಿಕಾರರ ಲೈನ್ ಮನೆಯಿಂದ ಬರುತ್ತಿದ್ದ ಹುಡುಗನೊಬ್ಬ ಎರಡನೇ ಸಲ ಕೇಳಿಸುವಷ್ಟರಲ್ಲಿ ‘ಆನೆ ಮಿಸ್’ ಎಂದ. ‘ನಮ್ಮನೆ ಹಿಂದೆ ಬಂದಾಗ ಹಿಂಗೇ ಕೂಗಿತ್ತು.’

ಅಂದು ಸಂಜೆ ಮೈದಾನದ ಮೂಲೆಯಲ್ಲಿದ್ದ ಹಳೆಯ ಟೆಲಿಫೋನ್ ಕಂಬದ ಸ್ಟೇ ತಂತಿಗೆ ಮಕ್ಕಳು ಕಲ್ಲಿನಿಂದ ಬಡಿದು, ಕಿವಿ ಇಟ್ಟು ಕೇಳಿದರು. ಕರೆಂಟು ಕಂಬದ ಹತ್ತಿರ ಮಾತ್ರ ಹೋಗಬೇಡಿ ಎಂದು ಗದರಿಸಿ ನಾನೂ ಹೋಗಿ ಕೇಳಿದೆ. ಸಾಕ್ಷಾತ್ ಅದೇ ಸದ್ದು. ಘನ ವಸ್ತುವಿನಲ್ಲಿ ಶಬ್ದ ಹರಿಯುವ ಬಗೆಯನ್ನು ಆ ವರ್ಷ ನಾನು ಪ್ರತ್ಯೇಕ ಪಾಠ ಮಾಡಬೇಕಾಗಲಿಲ್ಲ. ಸಿನಿಮಾದಲ್ಲಿ ಇದ್ದದ್ದು ತಪ್ಪು ವಿಜ್ಞಾನವೇ. ನಿರ್ವಾತದಲ್ಲಿ ಆ ಸದ್ದು ಕೇಳಿಸುವುದೇ ಇಲ್ಲ. ಆದರೆ ಆ ತಪ್ಪನ್ನು ಹಿಡಿಯುವ ಆಸೆ ಮಕ್ಕಳಲ್ಲಿ ಹುಟ್ಟಿದ್ದು ಸಿನಿಮಾ ನೋಡಿದ್ದರಿಂದ.

ಈ ಸಿನಿಮಾಗಳು ಪರದೆಯ ಮೇಲೆ ಮುಗಿದುಹೋಗುವುದಿಲ್ಲ ಎಂಬುದಕ್ಕೆ ನಿಮ್ಮ ಪತ್ರಿಕೆಯೇ ಸಾಕ್ಷಿ. ‘ಉಡಾವಣೆಗೆ ಕ್ಷಣಗಣನೆ’ ಎಂದು ನೀವು ಮುಖಪುಟದಲ್ಲಿ ಹಾಕುತ್ತೀರಿ. ಮತ ಎಣಿಕೆಗೆ ಕ್ಷಣಗಣನೆ, ದಸರಾಕ್ಕೆ ಕ್ಷಣಗಣನೆ ಎಂದೂ ಬರೆಯುತ್ತೀರಿ. ಹತ್ತು, ಒಂಬತ್ತು, ಎಂಟು ಎಂದು ಕೆಳಗೆ ಎಣಿಸುತ್ತ ರಾಕೆಟ್ ಹಾರಿಸುವುದನ್ನು ಜನ ಮೊದಲು ಕಂಡದ್ದು ಉಡಾವಣಾ ಕೇಂದ್ರದಲ್ಲಲ್ಲ, ಸಿನಿಮಾದಲ್ಲಿ. 1929ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ, ಫ್ರಿಟ್ಸ್ ಲಾಂಗ್ ನಿರ್ದೇಶನದ ಚಂದ್ರಯಾನದ ಮೂಕಿಚಿತ್ರವೊಂದರಲ್ಲಿ. ರಾಕೆಟ್ ವಿಜ್ಞಾನದ ಹಿರಿಯ ಹರ್ಮನ್ ಓಬರ್ತ್ ಅದಕ್ಕೆ ಸಲಹೆಗಾರರಾಗಿದ್ದರು. ಮೇಲಕ್ಕೆ ಎಣಿಸುತ್ತ ಹೋದರೆ ರಾಕೆಟ್ ಯಾವಾಗ ಹಾರುತ್ತದೆಂದು ನೋಡುವವರಿಗೆ ತಿಳಿಯುವುದಿಲ್ಲ, ಕೆಳಗೆ ಎಣಿಸಿದರೆ ಸೊನ್ನೆ ಬರುವ ಹೊತ್ತಿಗೆ ಎದೆ ಬಡಿದುಕೊಳ್ಳುತ್ತದೆ. ನಾಟಕಕ್ಕಾಗಿ ಮಾಡಿದ ಆ ಉಪಾಯ ಶ್ರೀಹರಿಕೋಟಾಕ್ಕೂ ಬಂತು, ಕನ್ನಡಕ್ಕೂ ಬಂತು. ಬಂದಾಗ ‘ಕ್ಷಣಗಣನೆ’ ಎಂಬ ಸೊಗಸಾದ ಪದವಾಯಿತು. ಹೊರಗಿನಿಂದ ಬಂದದ್ದಕ್ಕೆ ಕನ್ನಡದ ಹೆಸರಿಟ್ಟು ಒಳಗೆ ಕರೆದುಕೊಂಡದ್ದರಿಂದ ಸಂಸ್ಕೃತಿಗೆ ನಷ್ಟವೇನೂ ಆಗಲಿಲ್ಲವಲ್ಲ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಮಕ್ಕಳು ಈ ಸಿನಿಮಾಗಳನ್ನು ಇಷ್ಟು ಕಾಲ ಕನ್ನಡದಲ್ಲಿ ಏಕೆ ನೋಡಲಿಲ್ಲ? ಡಬ್ಬಿಂಗ್ ಬೇಡ ಎಂದು 1960ರ ದಶಕದಲ್ಲಿ ನಮ್ಮ ಹಿರಿಯರು ಹೋರಾಡಿದ್ದಕ್ಕೆ ಆಗ ಗಟ್ಟಿಯಾದ ಕಾರಣವಿತ್ತು. ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೊಗಳ ಬಾಗಿಲಲ್ಲಿ ನಿಂತಿದ್ದ ಕಾಲವದು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆಯಾಗಿತ್ತು. ಡಾ. ರಾಜ್‌ಕುಮಾರ್ ಅವರ ಮಾತಿಗೆ ತಲೆಬಾಗಿದ ಮನೆಯಲ್ಲೇ ನಾನು ಬೆಳೆದವಳು, ಅದರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ಕಾಯಿದೆಯಲ್ಲಿ ಎಲ್ಲೂ ಇಲ್ಲದ ಆ ತಡೆ ಅರ್ಧ ಶತಮಾನ ಉಳಿದುಬಿಟ್ಟಿತು. ಹೊರಗಿನ ಸಿನಿಮಾ ಬರುವುದಂತೂ ನಿಲ್ಲಲಿಲ್ಲ. ಬೇರೆ ಭಾಷೆಯಲ್ಲಿ ಬಂತು, ಅಷ್ಟೇ. ಈ ತಡೆ ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಆದೇಶ ಕೊಟ್ಟ ಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. 2022ರ ಡಿಸೆಂಬರ್‌ನಲ್ಲಿ ‘ಅವತಾರ್: ದಿ ವೇ ಆಫ್ ವಾಟರ್’ ಕನ್ನಡದಲ್ಲೂ ಬಿಡುಗಡೆಯಾಯಿತು. ಸುದ್ದಿ ಓದಿದ ದಿನವೇ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಹೇಳಿದೆ.

ಅದನ್ನು ನೋಡಲು ಪಟ್ಟ ಪಾಡನ್ನೂ ಹೇಳಬೇಕು. ಬೆಂಗಳೂರಿನಲ್ಲಿರುವ ಮಗಳ ಮನೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಆಗ 84 ವರ್ಷ. ಮೊಮ್ಮಗನಿಗೆ 10. ಹತ್ತಿರದ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಕನ್ನಡದ್ದು ದಿನಕ್ಕೆ ಒಂದೇ ಆಟ, ಬೆಳಿಗ್ಗೆ. ಟಿಕೆಟ್ ತೆಗೆದುಕೊಂಡು ಹೋದರೆ, ಜನ ಕಡಿಮೆಯೆಂದು ಆಟ ರದ್ದಾಗಿದೆ, ಬೇಕಾದರೆ ಇಂಗ್ಲಿಷ್ ಆಟಕ್ಕೆ ಕೂರಿ ಎಂದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಎಂದೆ. ಕೌಂಟರಿನ ಹುಡುಗ ಕನ್ನಡದವನೇ, ಪಾಪ, ಅವನೇನು ಮಾಡಿಯಾನು. ದುಡ್ಡು ವಾಪಸು ಕೊಟ್ಟು, ‘ಬೇಜಾರ್ ಮಾಡ್ಕೊಬೇಡಿ ಅಜ್ಜಿ’ ಎಂದ. ಮಾರನೇ ದಿನ ಊರಿನ ಇನ್ನೊಂದು ತುದಿಯ ಚಿತ್ರಮಂದಿರಕ್ಕೆ ಆಟೊ ಮಾಡಿಕೊಂಡು ಹೋಗಿ ನೋಡಿದೆವು.

ಅಮ್ಮ ಮೂರು ಗಂಟೆಗೂ ಹೆಚ್ಚು ಹೊತ್ತು ಕದಲದೆ ಕೂತಿದ್ದರು. ಆಕೆ ಹುಟ್ಟಿದ ಊರು ಈಗ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ನೀರೊಳಗೆ ಹೋದ ಹಳ್ಳಿಗಳಲ್ಲಿ ಅದೂ ಒಂದು. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ಪ್ರವಾಸಿಗರು ಬರುತ್ತಾರಲ್ಲ, ಅದೇ ಹಿನ್ನೀರು. ಸಿನಿಮಾದಲ್ಲಿ ಕಾಡಿನ ಕುಟುಂಬವೊಂದು ಜೀವ ಉಳಿಸಿಕೊಳ್ಳಲು ಮನೆ ಬಿಟ್ಟು, ಸಮುದ್ರದ ಜನರ ಆಶ್ರಯ ಬೇಡಿ ಹೋಗುತ್ತದೆ. ತಾಯಿ ಹೊರಡಲು ಒಪ್ಪುವುದಿಲ್ಲ, ತಂದೆ ಹೊರಡಿಸುತ್ತಾನೆ. ಆ ಭಾಗ ಬಂದಾಗ ಅಮ್ಮ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: ‘ನಾವು ಬಾಗಿಲ ಚೌಕಟ್ಟು ಕಿತ್ತು ಗಾಡಿಗೆ ಹೇರ್ಕೊಂಡು ಬಂದ್ವಿ. ಇವ್ರು ಏನೂ ತಗೊಳ್ಳಲಿಲ್ಲವಲ್ಲೇ.’

ಪಕ್ಕದಲ್ಲಿದ್ದ ಮೊಮ್ಮಗ ಇದನ್ನು ಕೇಳಿಸಿಕೊಂಡ. ಚೌಕಟ್ಟು ಏಕೆ ತಂದಿರಿ ಮುತ್ತಜ್ಜಿ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಕೇಳಿದ. ಆ ಚೌಕಟ್ಟು ಈಗಲೂ ನಮ್ಮ ಹಾಸನದ ಮನೆಯ ಅಡುಗೆಮನೆ ಬಾಗಿಲಿಗಿದೆ. ಅವನು ಅದನ್ನು ದಾಟಿ ನೂರು ಸಲ ಓಡಾಡಿದ್ದಾನೆ, ಅದರ ಕಥೆ ಗೊತ್ತಿರಲಿಲ್ಲ. ಆಲ್ಫಾ ಸೆಂಟಾರಿ ನಕ್ಷತ್ರದ ಕಡೆಯ ಕಲ್ಪನೆಯ ಚಂದ್ರನ ಮೇಲೆ ನಡೆಯುವ ಕಥೆ ನಮ್ಮ ಮನೆಯ ಮೂರು ತಲೆಮಾರನ್ನು ಹೇಮಾವತಿಯ ದಂಡೆಗೆ ಕರೆದೊಯ್ದು ಕೂರಿಸಿತು. ಪರದೆಯ ಮೇಲಿನ ಆ ನೀಲಿ ಮೈಯ ತಾಯಿ ಕನ್ನಡದಲ್ಲಿ ಅತ್ತಿದ್ದರಿಂದ ಇದು ಆಯಿತು. ಇಂಗ್ಲಿಷ್ ಆಟಕ್ಕೆ ಕೂತಿದ್ದರೆ ಅಮ್ಮ ಅರ್ಧ ಗಂಟೆಯಲ್ಲಿ ನಿದ್ದೆ ಹೋಗುತ್ತಿದ್ದರು. ಆ ಸಿನಿಮಾ ಸರಣಿಗಾಗಿ ಇಲ್ಲದ ಜನರಿಗೆ ಇಲ್ಲದ ಭಾಷೆಯೊಂದನ್ನು ಪಾಲ್ ಫ್ರಾಮರ್ ಎಂಬ ಭಾಷಾತಜ್ಞರಿಂದ ವ್ಯಾಕರಣ ಸಮೇತ ಕಟ್ಟಿಸಿದ್ದಾರೆ. ಕೋಟ್ಯಂತರ ಜನ ಆಡುವ, ಇರುವ ಭಾಷೆಗೆ ದಿನಕ್ಕೆ ಒಂದು ಆಟವೂ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದರೆ ಹೇಗೆ?

ಇದಕ್ಕೆ ಹೋಲಿಸಿ ನೋಡಲು ನನಗೆ ಸಿಕ್ಕ ಉದಾಹರಣೆ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರದ್ದು. ಅವರ ನುಡಿಯಾಡುವವರು ಎರಡು ಲಕ್ಷಕ್ಕಿಂತ ಕಡಿಮೆ. ಒಂದು ಕಾಲದಲ್ಲಿ ಸರ್ಕಾರದ ವಸತಿಶಾಲೆಗಳಲ್ಲಿ ನವಾಹೊ ಮಕ್ಕಳು ತಮ್ಮ ಮಾತಾಡಿದರೆ ಶಿಕ್ಷೆಯಾಗುತ್ತಿತ್ತು. ಅದೇ ನುಡಿಯನ್ನು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಗುಪ್ತಸಂಕೇತವಾಗಿ ಬಳಸಿಕೊಂಡಿತು. ಯುದ್ಧದ ಟ್ಯಾಂಕಿಗೆ ಅವರು ‘ಆಮೆ’ ಎಂದರು, ಜಲಾಂತರ್ಗಾಮಿಗೆ ‘ಕಬ್ಬಿಣದ ಮೀನು’ ಎಂದರು. ಹೊಸ ವಸ್ತುವಿಗೆ ತಮ್ಮ ನೆಲದಿಂದಲೇ ಪದ ಎತ್ತಿಕೊಳ್ಳುವುದು ಅವರಿಗೆ ಗೊತ್ತಿತ್ತು. ನವಾಹೊ ವಸ್ತುಸಂಗ್ರಹಾಲಯದ ನಿರ್ದೇಶಕ ಮ್ಯಾನುಯೆಲಿಟೊ ವೀಲರ್, ಎಳೆಯರು ಭಾಷೆ ಮರೆಯುತ್ತಿದ್ದಾರೆಂದು ಕೊರಗುತ್ತ ಕೂರದೆ, ‘ಸ್ಟಾರ್ ವಾರ್ಸ್’ ಚಿತ್ರವನ್ನು ನವಾಹೊ ನುಡಿಗೆ ತರಲು ಓಡಾಡಿದರು. ಐವರು ಕೂತು ಅನುವಾದ ಮಾಡಿದರು. ದನಿ ಕೊಡಲು ನೂರಕ್ಕೂ ಹೆಚ್ಚು ಮಂದಿ ಮುಂದೆ ಬಂದರು. 2013ರ ಜುಲೈ 3ರಂದು ಅರಿಜೋನಾದ ವಿಂಡೋ ರಾಕ್ ಎಂಬಲ್ಲಿ, ಬಯಲಿನಲ್ಲಿ ದೊಡ್ಡ ಪರದೆ ನಿಲ್ಲಿಸಿ ತೋರಿಸಿದರು. ನಮ್ಮ ಜಾತ್ರೆಯ ಬಯಲಾಟದ ಹಾಗೆ ಎಂದುಕೊಳ್ಳಿ. 2024ರಲ್ಲಿ ಅದೇ ಚಿತ್ರ ಕೆನಡಾದ ವಿನಿಪೆಗ್‌ನಲ್ಲಿ ಅಲ್ಲಿನ ಮೂಲನಿವಾಸಿಗಳ ಒಜಿಬ್ವೆ ನುಡಿಯಲ್ಲೂ ತೆರೆಕಂಡಿತು. ಹಾಲಿವುಡ್ ಸಿನಿಮಾದಿಂದ ತಮ್ಮ ಸಂಸ್ಕೃತಿ ಹಾಳಾಯಿತೆಂದು ಹೇಳಲು ಆ ಜನರಿಗಿಂತ ಹೆಚ್ಚು ಹಕ್ಕು ಯಾರಿಗಿತ್ತು? ಅವರು ಅದೇ ಸಿನಿಮಾವನ್ನು ತಮ್ಮ ನುಡಿಗೆ ದುಡಿಸಿಕೊಂಡರು.

ನನ್ನ ಮೊಮ್ಮಗನ ಶಾಲೆಯಲ್ಲಿ ಕನ್ನಡ ಪೀರಿಯಡ್ ಬಿಟ್ಟು ಬೇರೆ ಹೊತ್ತಿನಲ್ಲಿ ಕನ್ನಡ ಮಾತಾಡಿದರೆ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ವಸತಿಶಾಲೆಗಳ ಕಥೆ ಓದುವಾಗ ನನಗೆ ಆ ಡೈರಿ ನೆನಪಾಯಿತು.

ಬಂದರೆ ಸಾಲದು, ಒಳ್ಳೆಯ ಕನ್ನಡದಲ್ಲಿ ಬರಬೇಕು. ಈಚೆಗೆ ಟಿ.ವಿ.ಯಲ್ಲಿ ನೋಡಿದ ಕೆಲವು ಡಬ್ಬಿಂಗ್ ಚಿತ್ರಗಳಲ್ಲಿ ಪುಟ್ಟ ಹುಡುಗರೂ ‘ತಂದೆಯೇ, ನಾವು ಈ ಕ್ಷಣವೇ ನಿರ್ಗಮಿಸಬೇಕು’ ಎನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಹೊತ್ತಿ ಉರಿಯುವ ನೌಕೆಯೊಳಗೆ ನಿಂತ ಮಗು ನಿಜಕ್ಕೂ ಹಾಗೆ ಹೇಳೀತೇ? ‘ಅಪ್ಪಾ, ನಡಿ ಹೋಗೋಣ’ ಎನ್ನುತ್ತದೆ. ಇನ್ನೊಂದರಲ್ಲಿ ‘ನೂರು ಜ್ಯೋತಿರ್ವರ್ಷದಿಂದ ಕಾಯುತ್ತಿದ್ದೇನೆ’ ಎಂಬಂಥ ಮಾತು ಕೇಳಿ ಎದ್ದು ಕೂತೆ. ಜ್ಯೋತಿರ್ವರ್ಷ ಕಾಲವಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಓಡುವ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಸಂಭಾಷಣೆ ಬರೆಯುವವರು ರೆಕಾರ್ಡಿಂಗ್‌ಗೆ ಮೊದಲು ಯಾವುದಾದರೂ ಊರಿನ ವಿಜ್ಞಾನದ ಮೇಷ್ಟ್ರಿಗೆ ಒಮ್ಮೆ ತೋರಿಸಿದರೆ ಇಂಥದ್ದು ತಪ್ಪುತ್ತದೆ. ನಮ್ಮಲ್ಲಿ ಯಾರೂ ಅದಕ್ಕೆ ದುಡ್ಡು ಕೇಳುವವರಲ್ಲ.

ಚಿತ್ರಮಂದಿರದವರಲ್ಲಿ, ಹಂಚಿಕೆದಾರರಲ್ಲಿ ನನ್ನ ಬೇಡಿಕೆ ಇಷ್ಟೇ. ಇಂಥ ಸಿನಿಮಾದ ಕನ್ನಡ ಅವತರಣಿಕೆ ಇದ್ದಾಗ ಮೊದಲ ಎರಡು ವಾರ, ಶನಿವಾರ ಭಾನುವಾರ ಮಧ್ಯಾಹ್ನದ ಆಟವನ್ನು ಅದಕ್ಕೆ ಮೀಸಲಿಡಿ. ಬೆಂಗಳೂರಿನಲ್ಲಷ್ಟೇ ಅಲ್ಲ, ಹಾಸನದಲ್ಲಿ, ಚಿತ್ರದುರ್ಗದಲ್ಲಿ, ರಾಯಚೂರಿನಲ್ಲಿ. ವಾರದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಆಟವಿಟ್ಟು ಮಕ್ಕಳು ಬರಲಿಲ್ಲವೆಂದರೆ ಅದು ಮಕ್ಕಳ ತಪ್ಪಲ್ಲ. ನಿಮ್ಮ ಪತ್ರಿಕೆಯೂ ಒಂದು ಉಪಕಾರ ಮಾಡಬೇಕು. ಸಿನಿಮಾ ಪುಟದಲ್ಲಿ ಕನ್ನಡದ ಆಟ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬೇರೆಯಾಗಿ ಹಾಕಿ. ವಿಮರ್ಶೆ ಬರೆಯುವವರನ್ನು ಕನ್ನಡದ ಆಟಕ್ಕೇ ಕಳಿಸಿ. ಅನುವಾದ ಹೇಗಿತ್ತು, ದನಿ ಹೇಗಿತ್ತು, ಎಲ್ಲಿ ಮಾತು ಮುಗ್ಗರಿಸಿತು ಎಂದು ನಾಲ್ಕು ಸಾಲು ಬಂದರೂ ಮುಂದಿನವರು ಎಚ್ಚರ ವಹಿಸುತ್ತಾರೆ.

ಪತ್ರದಿಂದ ಏನಾಗುತ್ತದೆ ಎಂದು ಮಗಳು ಕೇಳಿದಳು. 1976ರಲ್ಲಿ ಅಮೆರಿಕ ತನ್ನ ಮೊದಲ ಸ್ಪೇಸ್ ಷಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡಲು ಹೊರಟಿತ್ತು. ‘ಸ್ಟಾರ್ ಟ್ರೆಕ್’ ಎಂಬ ಟಿ.ವಿ. ಧಾರಾವಾಹಿಯ ಅಭಿಮಾನಿಗಳು ಅಧ್ಯಕ್ಷರಿಗೆ ರಾಶಿ ರಾಶಿ ಪತ್ರ ಬರೆದು, ಅದರಲ್ಲಿನ ನೌಕೆಯ ಹೆಸರನ್ನೇ ಇಡಿಸಿದರು. ‘ಎಂಟರ್‌ಪ್ರೈಸ್’ ಎಂದು ಬರೆಸಿಕೊಂಡು ಆ ಷಟಲ್ ಹೊರಬಂತು. ಮುಂದೆ ಅದೇ ಧಾರಾವಾಹಿಯ ನಟಿ ನಿಶೆಲ್ ನಿಕೋಲ್ಸ್, ಹೆಣ್ಣುಮಕ್ಕಳೂ ಕಪ್ಪು ಜನರೂ ಗಗನಯಾತ್ರಿಗಳಾಗಲು ಅರ್ಜಿ ಹಾಕಿ ಎಂದು ನಾಸಾದ ಪರವಾಗಿ ಊರೂರು ತಿರುಗಿದರು. ಆಕೆಯನ್ನು ಪರದೆಯ ಮೇಲೆ ನೋಡುತ್ತ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದರು. ತನ್ನಂಥವರೂ ಅಲ್ಲಿರಬಹುದೆಂದು ಆ ಹುಡುಗಿಗೆ ಮೊದಲು ತೋರಿಸಿದ್ದು ಒಂದು ಕಥೆ. ನಮ್ಮ ಆಲೂರಿನ ಹುಡುಗಿಗೆ ಅಂಥ ಕಥೆ ಅವಳ ಮಾತಿನಲ್ಲಿ ಸಿಗಲಿಲ್ಲ.

ಅವಳ ಪ್ರಶ್ನೆಗೆ ಉತ್ತರವಾಗಿ ಅಂದು ನನ್ನಿಂದಾದದ್ದು ಒಂದು ಆಟ. ಸಿನಿಮಾದಲ್ಲಿ ಕಂಡದ್ದಕ್ಕೆಲ್ಲ ನೀವೇ ಕನ್ನಡದ ಹೆಸರಿಡಿ ಎಂದೆ. ಬೆಳಕಿನ ಕತ್ತಿ ಬೀಸಿ ಹೋರಾಡುತ್ತಾರಲ್ಲ, ಅದಕ್ಕೇನನ್ನೋಣ? ‘ಬೆಳಕಿನ ಖಡ್ಗ’ ಎಂದಳು ಒಬ್ಬಳು. ಢಂ ಎಂದರೆ ಸುಳ್ಳಾ ಎಂದು ಕೇಳಿದ್ದ ಹುಡುಗ ‘ಮಿಂಚುಗತ್ತಿ’ ಎಂದ. ವರಾಂಡದಲ್ಲಿ ಹೋಗುತ್ತಿದ್ದ ಕನ್ನಡ ಮೇಷ್ಟ್ರು ಅದನ್ನು ಕೇಳಿ ಒಳಗೇ ಬಂದುಬಿಟ್ಟರು. ಮಿಂಚು, ಕತ್ತಿ, ಮಿಂಚುಗತ್ತಿ, ಕಕಾರಕ್ಕೆ ಗಕಾರ, ಆದೇಶ ಸಂಧಿ ಎಂದು ನನ್ನ ಬೋರ್ಡಿನ ಮೇಲೆ ಗಂಟೆ ಜಾಡಿಯ ಚಿತ್ರದ ಪಕ್ಕದಲ್ಲೇ ಬರೆದರು. ಕಿಟಕಿ ಪಕ್ಕದ ಹುಡುಗಿ ನೌಕೆಗೆ ‘ಬಾನದೋಣಿ’ ಎಂದಳು. ಅಂದಿನಿಂದ ನಿವೃತ್ತಿಯವರೆಗೆ ಪ್ರತಿ ವರ್ಷ ಆ ಆಟ ಆಡಿಸಿದೆ. ಮಕ್ಕಳು ಕಟ್ಟಿದ ಪದಗಳನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಬರೆದಿಟ್ಟಿದ್ದೇನೆ. ಕನ್ನಡದಲ್ಲಿ ಸಂಭಾಷಣೆ ಬರೆಯುವವರು ಯಾರಾದರೂ ಕೇಳಿದರೆ ಜೆರಾಕ್ಸ್ ಮಾಡಿಸಿ ಕಳಿಸಿಕೊಡುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

ಇಂತಿ ನಿಮ್ಮ ಓದುಗಳು,
ನಿವೃತ್ತ ವಿಜ್ಞಾನ ಶಿಕ್ಷಕಿ, ಹಾಸನ